ಇಪ್ಪತ್ತೆರಡನೇ ನಂಬರಿನ ಬಾಗಿಲು

ಹಳೆಯ ಯುನಿಕ್ಸ್ ಸರ್ವರಿಗೆ ಸಾವಿಲ್ಲ. ಅದನ್ನು ಕೊಂಡ ಮ್ಯಾನೇಜರು ನಿವೃತ್ತನಾಗಿ ಮೊಮ್ಮಕ್ಕಳನ್ನು ಶಾಲೆಗೆ ಬಿಡುತ್ತಿರುತ್ತಾನೆ, ಮಾರಿದ ಕಂಪನಿ ಇನ್ನೊಂದು ಕಂಪನಿಯ ಹೊಟ್ಟೆ ಸೇರಿರುತ್ತದೆ, ಕೈಪಿಡಿಯನ್ನು ಗೆದ್ದಲು ಓದಿ ಮುಗಿಸಿರುತ್ತದೆ. ಸರ್ವರು ಮಾತ್ರ ತಣ್ಣನೆಯ ಕೋಣೆಯ ಮೂಲೆಯಲ್ಲಿ ಗುಂಯ್‌ಗುಡುತ್ತ, ರಾತ್ರಿ ಎರಡಕ್ಕೆ ಎದ್ದು ಒಂದು ಫೈಲು ತಯಾರಿಸಿ ಇಡುತ್ತಲೇ ಇರುತ್ತದೆ. ಆ ಫೈಲು ಬೆಳಗಾಗುವುದರೊಳಗೆ ಇನ್ನೊಂದು ಊರಿನ ಇನ್ನೊಂದು ಯಂತ್ರವನ್ನು ತಲುಪಬೇಕು. ತಲುಪುವ ತನಕ ಸರ್ವರಿನ ಕಡೆ ಯಾರೂ ತಿರುಗಿ ನೋಡುವುದಿಲ್ಲ. ತಲುಪದ ದಿನ ಒಬ್ಬ ಎಂಜಿನಿಯರ್ ಬೇಕಾಗುತ್ತಾನೆ.

ಆ ಎಂಜಿನಿಯರು ಈಗ ಬೆಂಗಳೂರಿನ ಗಾಜಿನ ಕಟ್ಟಡದಲ್ಲೇ ಕೂತಿರಬೇಕೆಂದಿಲ್ಲ. ತೆಲಂಗಾಣದ ನಾರಾಯಣಪೇಟೆ, ಮಕ್ತಲ್, ಗದ್ವಾಲದ ಸೀಮೆಯ ಕೊತ್ತಪಲ್ಲಿಯಲ್ಲೂ ಇರಬಹುದು. ಕೊರೊನಾ ಕಾಲದಲ್ಲಿ ಲ್ಯಾಪ್‌ಟಾಪು ಹೊತ್ತುಕೊಂಡು ಊರಿಗೆ ಬಂದವನು, ಬಾಡಿಗೆ ಉಳಿಯುವ ರುಚಿ ಹತ್ತಿ ಅಲ್ಲೇ ನಿಂತುಬಿಟ್ಟ ಎನ್ನಿ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತೆಲುಗು, ಮೀಟಿಂಗಿನಲ್ಲಿ ಇಂಗ್ಲಿಷು, ನೆಟ್‌ವರ್ಕು ಹೋದಾಗ ಮೂರರಲ್ಲೂ ಬೈಗುಳ. ಇಂಥ ಮನೆಗಳಲ್ಲಿ ಒಬ್ಬ ಕಾಕಾ ಇದ್ದೇ ಇರುತ್ತಾರೆ. ಈ ಕಾಕಾ ರಾಯಚೂರಿನ ಬ್ಯಾಂಕ್ ಶಾಖೆಯೊಂದರಲ್ಲಿ ಗುಮಾಸ್ತರಾಗಿದ್ದವರು. ಬ್ಯಾಂಕುಗಳಲ್ಲಿ ಯಂತ್ರ ಬಳಸುವ ಬಗ್ಗೆ ಸಿ. ರಂಗರಾಜನ್ ಸಮಿತಿ 1984ರಲ್ಲಿ ವರದಿ ಕೊಟ್ಟ ಮೇಲೆ ಲೆಡ್ಜರುಗಳ ಜಾಗಕ್ಕೆ ಟರ್ಮಿನಲ್ಲುಗಳು ಬಂದದ್ದನ್ನು ಕಣ್ಣಾರೆ ಕಂಡವರು. ಕರಿ ಪರದೆಯ ಮೇಲೆ ಲಾಗಿನ್ ಎಂಬ ಪದ ಮಿನುಗುವುದನ್ನು ನೋಡುತ್ತಲೇ ನೌಕರಿ ಮುಗಿಸಿದವರು. ಡೇ ಎಂಡ್, ಅಂದರೆ ದಿನದ ಲೆಕ್ಕ ಮುಚ್ಚುವ ಕೆಲಸ, ಮುಗಿಯದೆ ಮನೆಗೆ ಹೋಗುವಂತಿಲ್ಲ ಎಂಬುದು ಅವರ ಪಾಲಿನ ಏಕೈಕ ಕಂಪ್ಯೂಟರ್ ಶಾಸ್ತ್ರ.

ಫೈಲು ಸಾಗಿಸುವ ಕಸುಬಿನ ಮೂಲಪುರುಷ ನಮ್ಮ ದೇಶದವರೇ ಎಂದರೆ ಕಾಕಾ ನಂಬುವುದಿಲ್ಲ. ಐಐಟಿ ಕಾನ್ಪುರದ ಮೊದಲ ತಂಡದಲ್ಲಿ ಓದಿ ಅಮೆರಿಕದ ಎಂಐಟಿಗೆ ಹೋದ ಅಭಯ್ ಭೂಷಣ್, 1971ರ ಏಪ್ರಿಲಿನಲ್ಲಿ ಎಫ್‌ಟಿಪಿಯ ಮೊದಲ ನಿಯಮಾವಳಿ ಬರೆದರು. ಆಗ ಅರ್ಪಾನೆಟ್ ಎಂಬ ಜಾಲದಲ್ಲಿ ಇದ್ದ ಕಂಪ್ಯೂಟರುಗಳೇ ಕೆಲವು. ಬಳಸುವವರೆಲ್ಲ ಒಬ್ಬರಿಗೊಬ್ಬರು ಗೊತ್ತಿದ್ದವರು. ಹಾಗಾಗಿ ಎಫ್‌ಟಿಪಿ ಪಾಸ್‌ವರ್ಡನ್ನು ಯಾವ ಮುಚ್ಚುಮರೆಯೂ ಇಲ್ಲದೆ ತಂತಿಯ ಮೇಲೆ ಕಳಿಸುತ್ತದೆ, ನಡುವೆ ಕೂತವರು ಆರಾಮಾಗಿ ಓದಿಕೊಳ್ಳಬಹುದು. 1995ರಲ್ಲಿ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಹೀಗೆಯೇ ಕೂತು ಪಾಸ್‌ವರ್ಡುಗಳನ್ನು ಬಾಚಿಕೊಂಡರು. ಸಿಟ್ಟಿಗೆದ್ದ ಅಲ್ಲಿನ ಸಂಶೋಧಕ ತಾತು ಇಲೋನೆನ್ ಎಲ್ಲವನ್ನೂ ಗೂಢಲಿಪಿಯಲ್ಲಿ ಸುತ್ತಿ ಕಳಿಸುವ ಎಸ್‌ಎಸ್‌ಎಚ್ ಬರೆದ. ಎಫ್‌ಟಿಪಿಗೆ 21ನೇ ಪೋರ್ಟು, ಅಂದರೆ ಬಾಗಿಲು. ದೂರದಿಂದ ಲಾಗಿನ್ ಆಗಲು ಬಳಸುತ್ತಿದ್ದ ಟೆಲ್ನೆಟ್ಟಿಗೆ 23. ಎರಡನ್ನೂ ಮನೆಗೆ ಕಳಿಸಲು ಹೊರಟವನಿಗೆ ನಡುವಿನ 22 ಖಾಲಿ ಬಿದ್ದಿರುವುದು ಕಣ್ಣಿಗೆ ಬಿತ್ತು. ನಂಬರು ಹಂಚುವವರಿಗೆ ಒಂದು ಇಮೇಲ್ ಬರೆದ, ಕೊಟ್ಟುಬಿಟ್ಟರು. ಸರಕಾರಿ ಕಚೇರಿಯಲ್ಲಿ ನಂಬರು ಪಡೆದ ಅನುಭವವಿರುವ ಕಾಕಾ ಈ ಭಾಗವನ್ನಂತೂ ಸುತರಾಂ ನಂಬುವುದಿಲ್ಲ.

ಇವತ್ತು ಬಹುಪಾಲು ಜನರ ಕೈಯಲ್ಲಿರುವುದು ಓಪನ್‌ಬಿಎಸ್‌ಡಿ ಬಳಗ 1999ರಲ್ಲಿ ಹೊರತಂದ ಓಪನ್‌ಎಸ್‌ಎಸ್‌ಎಚ್. ಅದರ ಬೆನ್ನೇರಿ ಓಡಾಡುವ ಫೈಲು ಸಾಗಣೆಗೆ ಎಸ್‌ಎಫ್‌ಟಿಪಿ ಎಂದು ಹೆಸರು. ನಮ್ಮ ಎಂಜಿನಿಯರಿನ ಸಂಕಟವೆಲ್ಲ ಅದರದೇ.

"ಏನಪಾ, ಹತ್ತಿತೇನು?" ಕಾಕಾ ಕಟ್ಟೆಯ ಮೇಲಿಂದ ಕೇಳುತ್ತಾರೆ.

"ಇಲ್ರೀ ಕಾಕಾ, ಹತ್ತವಲ್ದು."

"ಒಳಗಿಂದ ಯಾರರ ಓ ಅಂದರೇನು?"

ಇದಕ್ಕಿಂತ ಒಳ್ಳೆಯ ಮೊದಲ ಪ್ರಶ್ನೆ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಕನೆಕ್ಷನ್ ರೆಫ್ಯೂಸ್ಡ್ ಎಂದು ಬಂದರೆ ಆ ಕಡೆಯಿಂದ ಉತ್ತರ ಬಂದಿದೆ, ಸಾಮಾನ್ಯವಾಗಿ ಯಂತ್ರವೇ ಕೊಟ್ಟದ್ದು. ಯಂತ್ರ ಬದುಕಿದೆ, ಆ ಪೋರ್ಟಿನಲ್ಲಿ ಕಿವಿಗೊಟ್ಟು ಕೂತ ಪ್ರೋಗ್ರಾಂ ಮಾತ್ರ ಇಲ್ಲ. ಟೈಮ್ಡ್ ಔಟ್ ಎಂದು ಬಂದರೆ ಹೂಂ ಇಲ್ಲ, ಉಹೂಂ ಇಲ್ಲ. ನಡುವಿನ ಫೈರ್‌ವಾಲು ಪ್ಯಾಕೆಟ್ಟುಗಳನ್ನು ನುಂಗಿ ಸುಮ್ಮನಾಗಿರುವ ಸಂಭವ ಹೆಚ್ಚು. ಕೊತ್ತಪಲ್ಲಿಯ ಹಾಟ್‌ಸ್ಪಾಟಿನಲ್ಲಿ ಎರಡನೆಯದೇ ಸಾಮಾನ್ಯ, ಕಾರಣವೂ ಸ್ಪಷ್ಟ. ಕಂಪನಿಯ ಫೈರ್‌ವಾಲು ಗೊತ್ತಿರುವ ಕೆಲವು ಐಪಿ ವಿಳಾಸಗಳನ್ನಷ್ಟೇ ಬಿಡುತ್ತದೆ. ಮೊಬೈಲ್ ಕಂಪನಿಯೋ ಒಂದೇ ವಿಳಾಸವನ್ನು ನೂರಾರು ಗಿರಾಕಿಗಳಿಗೆ ಹಂಚಿ, ಮನಸ್ಸು ಬಂದಾಗ ಬದಲಿಸುತ್ತದೆ. ಆದ್ದರಿಂದ ಕಂಪನಿಯ ವಿಪಿಎನ್ ಮೂಲಕವೇ ಹೋಗಬೇಕು.

ವಿಪಿಎನ್ ಹತ್ತಿದ ಮೇಲೆ ಶುರುವಾಗುವುದು ಬೇರೆಯೇ ಪೀಡೆ. ಸಂಪರ್ಕ ಸಿಗುತ್ತದೆ, ಎರಡೂ ಕಡೆಯವರು ತಮ್ಮ ಆವೃತ್ತಿಯ ಹೆಸರು ಹೇಳಿಕೊಳ್ಳುತ್ತಾರೆ, ಆಮೇಲೆ ಪರದೆ ಕಲ್ಲಾಗುತ್ತದೆ. ಮೈನಸ್ ವಿ ಎಂಬ ಆಯ್ಕೆಯನ್ನು ಮೂರು ವಿ ಹಾಕಿ ಕೊಟ್ಟರೆ ಕೊನೆಯ ಸಾಲು ಕೀ ವಿನಿಮಯದ ಪಟ್ಟಿ ಕಳಿಸಿದ್ದೇನೆ ಎನ್ನುತ್ತದೆ. ಎಷ್ಟು ಹೊತ್ತು ಕಾದರೂ ಅದೇ ಸಾಲು. ಎಲ್ಲರೂ ಸರ್ವರನ್ನು ಬೈಯುತ್ತಾರೆ. ಎಷ್ಟೋ ಸಲ ತಪ್ಪು ಪ್ಯಾಕೆಟ್ಟಿನ ಗಾತ್ರದ್ದು. ಈಥರ್ನೆಟ್ಟಿನಲ್ಲಿ ಒಂದು ಪ್ಯಾಕೆಟ್ಟು 1500 ಬೈಟಿನ ತನಕ ಇರಬಹುದು. ವಿಪಿಎನ್ ಅದಕ್ಕೆ ತನ್ನದೊಂದು ಹೊದಿಕೆ ಹೊದಿಸಿದಾಗ ದಪ್ಪವಾಗಿ ದಾರಿಯಲ್ಲಿ ಸಿಕ್ಕಿಬೀಳುತ್ತದೆ. ಚಿಕ್ಕ ಚಿಕ್ಕ ಕುಶಲೋಪರಿಯೆಲ್ಲ ದಾಟಿಹೋಗಿ, ಮೊದಲ ದೊಡ್ಡ ಪ್ಯಾಕೆಟ್ಟೇ ಕಾಣೆಯಾಗುತ್ತದೆ. ಲ್ಯಾಪ್‌ಟಾಪಿನಲ್ಲಿ ಎಂಟಿಯು ಎಂಬ ಮಿತಿಯನ್ನು 1400ರ ಆಸುಪಾಸಿಗೆ ಇಳಿಸಿದರೆ ಕಲ್ಲು ಕರಗುತ್ತದೆ.

ಇಷ್ಟಾದ ಮೇಲೆ ಹಳೆಯ ಸರ್ವರು ಬಾಯಿ ಬಿಟ್ಟಂತೆ ಕಾಣುತ್ತದೆ. ಆಡುವ ಮಾತು: ನೋ ಮ್ಯಾಚಿಂಗ್ ಕೀ ಎಕ್ಸ್‌ಚೇಂಜ್ ಮೆಥಡ್ ಫೌಂಡ್. ನಿಜಕ್ಕೂ ಈ ಮಾತಾಡುವುದು ಸರ್ವರಲ್ಲ, ಲ್ಯಾಪ್‌ಟಾಪಿನ ಓಪನ್‌ಎಸ್‌ಎಸ್‌ಎಚ್. ಸಂಪರ್ಕದ ಆರಂಭದಲ್ಲಿ ಎರಡೂ ಕಡೆಯವರು ತಮಗೆ ಬರುವ ಗೂಢಲಿಪಿ ವಿಧಾನಗಳ ಪಟ್ಟಿ ಮುಂದಿಡುತ್ತಾರೆ. ಎರಡರಲ್ಲೂ ಇರುವ ಒಂದು ಹೆಸರು ಸಿಗಬೇಕು. ಲ್ಯಾಪ್‌ಟಾಪಿನ ಪಟ್ಟಿ ಉದ್ದುದ್ದ. ಸರ್ವರಿನದು ಒಂದೆರಡು ಹೆಸರು, ಅವೂ ಲ್ಯಾಪ್‌ಟಾಪು ಎಂದೋ ಕೈಬಿಟ್ಟಂಥವು.

ಕೈಬಿಟ್ಟದ್ದಕ್ಕೆ ಕಾರಣಗಳಿವೆ, ತಾರೀಖುಗಳೂ ಇವೆ. ಬಹಿರಂಗದಲ್ಲೇ ಮಾತಾಡಿ ಗುಟ್ಟೊಂದನ್ನು ಒಪ್ಪಿಕೊಳ್ಳುವ ಉಪಾಯವನ್ನು ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್ಮನ್ 1976ರಲ್ಲಿ ಪ್ರಕಟಿಸಿದರು. ಉಪಾಯ ಇಂದಿಗೂ ಗಟ್ಟಿ. ಆದರೆ ಹಳೆಯ ಸರ್ವರುಗಳು ಅದಕ್ಕೆ ಬಳಸುವ 1024 ಬಿಟ್ಟಿನ ಸಂಖ್ಯೆ ಈಗ ಸಾಲದು ಎಂದು 2015ರಲ್ಲಿ ಲಾಗ್‌ಜಾಮ್ ಸಂಶೋಧನೆ ಎಚ್ಚರಿಸಿತು. ಅದೇ ವರ್ಷ ಆಗಸ್ಟಿನಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 7.0 ಆ ಸಂಖ್ಯೆ ಬಳಸುವ ಗ್ರೂಪ್ ಒನ್ ವಿಧಾನವನ್ನೂ ಡಿಎಸ್‌ಎ ಕೀಗಳನ್ನೂ ತಾನಾಗಿ ಬಳಸುವುದು ನಿಲ್ಲಿಸಿತು. 2017ರ ಫೆಬ್ರವರಿಯಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಸ್ಥೆ ಮತ್ತು ಗೂಗಲ್ ಸೇರಿ, ಬೇರೆ ಬೇರೆಯಾದ ಎರಡು ಪಿಡಿಎಫ್ ಫೈಲುಗಳಿಗೆ ಒಂದೇ ಎಸ್‌ಎಚ್‌ಎ-1 ಗುರುತು ಬರಿಸಿ ತೋರಿಸಿದವು. 2021ರ ಸೆಪ್ಟೆಂಬರಿನ 8.8ನೇ ಆವೃತ್ತಿ ಎಸ್‌ಎಚ್‌ಎ-1 ಬಳಸುವ ಆರ್‌ಎಸ್‌ಎ ಸಹಿಗಳಿಗೆ ಬಾಗಿಲು ಹಾಕಿತು. 2025ರ ಏಪ್ರಿಲಿನ 10.0ರಲ್ಲಿ ಡಿಎಸ್‌ಎ ಪ್ರೋಗ್ರಾಮಿನ ಒಳಗಿಂದಲೇ ಕಿತ್ತುಹೋಯಿತು.

ಆದ್ದರಿಂದ "ನಿನ್ನೆ ತನಕ ಹೋಗ್ತಿತ್ತು, ನಾವೇನೂ ಮುಟ್ಟಿಲ್ಲ" ಎಂದು ಸರ್ವರ್ ಕಡೆಯವರು ಆಣೆ ಮಾಡಿ ಹೇಳಿದರೆ ಅದು ಸತ್ಯವೇ. ಅವರು ಮುಟ್ಟದೆ ವರ್ಷಗಳೇ ಆಗಿರುತ್ತವೆ. ರಾತ್ರಿ ಅಪ್‌ಡೇಟು ನುಂಗಿ ಬೆಳಗ್ಗೆ ಮಡಿವಂತನಾಗಿ ಎದ್ದದ್ದು ಲ್ಯಾಪ್‌ಟಾಪು.

ಪರಿಹಾರ ಆ ದೂರಿನ ಬಾಲದಲ್ಲೇ ಇದೆ, ಓದುವವರಿಲ್ಲ. ದೆಯರ್ ಆಫರ್ ಎಂದು ಬರೆದು ಅದರ ಮುಂದೆ ಸರ್ವರಿಗೆ ಬರುವ ವಿಧಾನದ ಹೆಸರು ಕೊಟ್ಟಿರುತ್ತದೆ. ಲ್ಯಾಪ್‌ಟಾಪಿನ ಕಾನ್ಫಿಗ್ ಫೈಲಿನಲ್ಲಿ ಆ ಒಂದು ಸರ್ವರಿನ ಹೆಸರಿನ ಕೆಳಗೆ, ಕೂಡುವ ಚಿಹ್ನೆ ಹಾಕಿ, ಆ ಹೆಸರನ್ನು ಸೇರಿಸಿದರೆ ಆಯಿತು. ಕೂಡುವ ಚಿಹ್ನೆ ಮರೆತರೆ ಇಡೀ ಪಟ್ಟಿ ಅಳಿಸಿಹೋಗಿ ಹಳೆಯ ಹೆಸರೊಂದೇ ಉಳಿಯುತ್ತದೆ. ಒಂದು ತೊಡಕು ಬಿಡಿಸಿದ ಕೂಡಲೇ ಹೋಸ್ಟ್ ಕೀ ಹೊಂದಲಿಲ್ಲ ಎನ್ನುವುದು, ಅದಾದ ಮೇಲೆ ಸೈಫರ್ ಹೊಂದಲಿಲ್ಲ ಎನ್ನುವುದು ವಾಡಿಕೆ. ರೆಡ್ ಹ್ಯಾಟ್ 9ನೇ ಆವೃತ್ತಿಯ ಲಿನಕ್ಸಿನಲ್ಲಿ ಕೂತವರಿಗೆ ಇನ್ನೊಂದು ಮೆಟ್ಟಿಲು. ಅಲ್ಲಿ ಇಡೀ ಯಂತ್ರಕ್ಕೆ ಒಂದು ಗೂಢಲಿಪಿ ನೀತಿ ಇದ್ದು ಎಸ್‌ಎಚ್‌ಎ-1 ಸಹಿಯನ್ನು ಅದು ಮೇಲಿಂದಲೇ ತಡೆಯುತ್ತದೆ, ಕೆಳಗೆ ಕಾನ್ಫಿಗ್ಗಿನಲ್ಲಿ ಏನೇ ಬರೆದರೂ ನಡೆಯುವುದಿಲ್ಲ.

ಈ ಗಲಾಟೆಯಲ್ಲಿ ಅನ್ಯಾಯವಾಗಿ ಅಪಕೀರ್ತಿ ಹೊತ್ತದ್ದು ಪಾಸ್‌ವರ್ಡಿನ ಬದಲು ಬಳಸುವ ಆರ್‌ಎಸ್‌ಎ ಕೀ. ಕೈಬಿಟ್ಟದ್ದು ಎಸ್‌ಎಚ್‌ಎ-1 ಹಾಕಿದ ಸಹಿಯನ್ನು, ಕೀಯನ್ನಲ್ಲ. ಅದೇ ಕೀಯಿಂದ ಎಸ್‌ಎಚ್‌ಎ-2 ಸಹಿ ಹಾಕುವುದು 2016ರಿಂದಲೇ ಬಂದಿದೆ. ಆದರೂ ಜನ ಗಾಬರಿಬಿದ್ದು ಹೊಸ ಕೀ ಮಾಡಿಕೊಳ್ಳುತ್ತಾರೆ. 2023ರಿಂದ ಈಚೆಗೆ ಹೊಸ ಕೀ ಮಾಡು ಎಂದರೆ ಓಪನ್‌ಎಸ್‌ಎಸ್‌ಎಚ್ ಇಡಿ25519 ಎಂಬ ಬಗೆಯದನ್ನೇ ಮಾಡಿಕೊಡುತ್ತದೆ. ಅದು ಈ ಪ್ರೋಗ್ರಾಮಿಗೆ ಬಂದದ್ದೇ 2014ರಲ್ಲಿ. ಅದಕ್ಕಿಂತ ಹಳೆಯ ಸರ್ವರಿಗೆ ಆ ಕೀ ಕೊಟ್ಟರೆ ಅದು ಜಗಳವಾಡುವುದಿಲ್ಲ, ಕಾರಣವನ್ನೂ ಹೇಳುವುದಿಲ್ಲ. ಪರ್ಮಿಷನ್ ಡಿನೈಡ್ ಎಂದು ಸುಮ್ಮನಾಗುತ್ತದೆ.

ಪರ್ಮಿಷನ್ ಎಂಬ ಪದ ಕಂಡ ಕೂಡಲೇ ಯುನಿಕ್ಸಿನವರಿಗೆ ನೆನಪಾಗುವ ನಂಬರು 777. ಯಾರು ಬೇಕಾದರೂ ಓದಲಿ, ಬರೆಯಲಿ, ನಡೆಸಲಿ ಎಂಬ ಉದಾರ ಆಜ್ಞೆ ಅದು. ಎಸ್‌ಎಸ್‌ಎಚ್ ಸರ್ವರಿಗೆ ಇಂಥ ಔದಾರ್ಯ ಸಹಿಸದು. ಹೋಮ್ ಡೈರೆಕ್ಟರಿಯಲ್ಲಿ ಬೇರೆಯವರೂ ಬರೆಯಬಹುದಾಗಿದ್ದರೆ ಅಲ್ಲಿರುವ ಕೀಯನ್ನು ಯಾವನು ತಂದಿಟ್ಟನೋ ಎಂದು ಅನುಮಾನಿಸಿ ಅದನ್ನು ನೋಡಲೂ ಒಪ್ಪುವುದಿಲ್ಲ. ಕೀ ಇರುವ ಡೈರೆಕ್ಟರಿಗೆ 700, ಕೀ ಫೈಲಿಗೆ 600, ಹೋಮ್ ಡೈರೆಕ್ಟರಿಗೆ ಹೊರಗಿನವರ ಬರವಣಿಗೆ ಇರಬಾರದು. ಬೇಸತ್ತ ಎಂಜಿನಿಯರ್ 777 ಕೊಟ್ಟ ಕ್ಷಣದಿಂದ ಆ ಡೈರೆಕ್ಟರಿಗೆ ಆ ಯಂತ್ರದ ಬಳಕೆದಾರರೆಲ್ಲ ನುಗ್ಗಬಹುದು, ಕೀ ಹಿಡಿದು ಬಂದ ಅವನೊಬ್ಬನನ್ನು ಬಿಟ್ಟು.

ಹೋಗಲಿ, ಪಾಸ್‌ವರ್ಡೇ ಕೊಡೋಣ ಎಂದರೆ ಅಲ್ಲೊಂದು ತಮಾಷೆ ಕಾದಿರುತ್ತದೆ. ಹಳೆಯ ಯುನಿಕ್ಸುಗಳಲ್ಲಿ ಪಾಸ್‌ವರ್ಡು ತಾಳೆ ನೋಡುವ ಕ್ರಿಪ್ಟ್ ಅದರ ಮೊದಲ ಎಂಟು ಅಕ್ಷರಗಳನ್ನಷ್ಟೇ ನೋಡುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಕೊತ್ತಪಲ್ಲಿ ಎಂದು ಬರೆದು, ಮುಂದೆ ಇಸವಿ, ನಕ್ಷತ್ರ, ಉದ್ಗಾರ ಚಿಹ್ನೆ ಎಲ್ಲ ಸೇರಿಸಿ ಯಾರೂ ಊಹಿಸಲಾರರು ಎಂದು ಮೀಸೆ ತಿರುವಿದವನು ಮೊದಲನೆಯ ಎಲ್ ಅಕ್ಷರಕ್ಕೇ ನಿಲ್ಲಿಸಿ ಎಂಟರ್ ಒತ್ತಿದರೂ ಸರ್ವರು ಒಳಗೆ ಬಿಡುತ್ತದೆ. ಕಾಕಾಗೆ ಇದು ಹೊಸದಲ್ಲ. "ನಮ್ಮ ಬ್ರಾಂಚಿನ್ಯಾಗ ಅರ್ಧಾ ಹೊಡದ್ರೂ ನಡೀತಿತ್ತು ಬಿಡು" ಎನ್ನುತ್ತಾರೆ. ಆ ಬ್ರಾಂಚಿನ ಹೆಸರನ್ನು ಇಲ್ಲಿ ಹೇಳದಿರುವುದೇ ಕ್ಷೇಮ.

ಒಂದೊಂದು ದಿನ ಲಾಗಿನ್ ಮಾಡಲು ಹೋದರೆ ಪರದೆಯ ತುಂಬ ಅಟ್ ಚಿಹ್ನೆಗಳ ಬೇಲಿ, ನಡುವೆ ದೊಡ್ಡಕ್ಷರದ ಕೂಗು: ರಿಮೋಟ್ ಹೋಸ್ಟ್ ಐಡೆಂಟಿಫಿಕೇಷನ್ ಹ್ಯಾಸ್ ಚೇಂಜ್ಡ್. ಈ ಗುರುತಿನ ಪಜೀತಿ ಗದ್ವಾಲದ ಹಿರಿಯರಿಗೆ ಅರ್ಥವಾದಷ್ಟು ಇನ್ನಾರಿಗೂ ಆಗದು. ಗದ್ವಾಲ, ಆಲಂಪುರ ತಾಲೂಕುಗಳು 1956ರ ತನಕ ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಆಂಧ್ರಪ್ರದೇಶದ ಮಹಬೂಬನಗರ ಜಿಲ್ಲೆಗೆ ಬಂದವು. 2014ರಲ್ಲಿ ತೆಲಂಗಾಣವಾಯಿತು, 2016ರ ಅಕ್ಟೋಬರಿನಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆಯಾಯಿತು. ಮನೆಯ ಹೊಸಿಲು ದಾಟದೆ ಮೂರು ರಾಜ್ಯ, ಮೂರು ಜಿಲ್ಲೆ ಕಂಡ ಮುದುಕ ಅವೇ ಕಾಗದಗಳನ್ನು ಹಿಡಿದು ಹೋದರೆ ಗುಮಾಸ್ತ ಕನ್ನಡಕ ಏರಿಸಿ ನೋಡುತ್ತಾನೆ: ಮನುಷ್ಯ ಅವನೇ, ವಿಳಾಸ ಬೇರೆ. ಎಸ್‌ಎಸ್‌ಎಚ್‌ನ ಸಂಶಯ ಇದರ ತಿರುಗುಮುರುಗು: ವಿಳಾಸ ಅದೇ, ಮನುಷ್ಯ ಬೇರೆ. ಮೊದಲ ಸಲ ಹೋದಾಗ ಸರ್ವರಿನ ಕೀಯನ್ನು ನೋನ್ ಹೋಸ್ಟ್ಸ್ ಎಂಬ ಫೈಲಿನಲ್ಲಿ ಬರೆದಿಟ್ಟುಕೊಂಡಿರುತ್ತದೆ. ಈಗ ಅದೇ ವಿಳಾಸದಲ್ಲಿ ಬೇರೊಂದು ಕೀ ಕಾಣುತ್ತಿದೆ. ಸರ್ವರನ್ನು ಹೊಸದಾಗಿ ಇನ್‌ಸ್ಟಾಲ್ ಮಾಡಿರಬಹುದು, ಡಿಸ್ಕು ಹೋಗಿ ಬದಲಾಗಿರಬಹುದು, ಅಥವಾ ನಡುವೆ ನಿಜವಾಗಿಯೂ ಕಳ್ಳ ಕೂತಿರಬಹುದು. ಸರ್ವರ್ ಕಡೆಯವರಿಗೆ ಫೋನು ಮಾಡಿ ಕೀಯ ಬೆರಳಚ್ಚು ಓದಿಸಿ ತಾಳೆ ನೋಡುವುದು ಸರಿಯಾದ ದಾರಿ. ಬಹುತೇಕರು ಆ ಸಾಲನ್ನು ಅಳಿಸಿ ಯೆಸ್ ಎಂದು ಹೊಡೆದು ಚಹಾಕ್ಕೆ ಹೋಗುತ್ತಾರೆ.

ಇಷ್ಟೆಲ್ಲ ದಾಟಿ ಲಾಗಿನ್ ಆದ ಮೇಲೆ ಬರುವ ದೂರು ಎಲ್ಲಕ್ಕಿಂತ ಸೊಗಸಾದದ್ದು. ರಿಸೀವ್ಡ್ ಮೆಸೇಜ್ ಟೂ ಲಾಂಗ್ 1315007841. ಬಂದ ಸಂದೇಶ 131 ಕೋಟಿ 50 ಲಕ್ಷದ 7 ಸಾವಿರದ 841 ಬೈಟು ಉದ್ದವಂತೆ! ಎಸ್‌ಎಸ್‌ಎಚ್‌ನಲ್ಲಿ ಲಾಗಿನ್ ಆಗುತ್ತದೆ, ಎಸ್‌ಎಫ್‌ಟಿಪಿ ಮಾತ್ರ ಬಿದ್ದುಹೋಗುತ್ತದೆ. ಡಿಸ್ಕು ಹಾಳಾಗಿದೆ ಎನ್ನುವವರು ಕೆಲವರು, ವೈರಸ್ಸು ಎನ್ನುವವರು ಹಲವರು.

ನಡೆದಿರುವುದು ಇಷ್ಟೆ. ಎಸ್‌ಎಫ್‌ಟಿಪಿ ಪ್ರತಿ ಸಂದೇಶದ ಮೊದಲ ನಾಲ್ಕು ಬೈಟುಗಳನ್ನು ಸಂದೇಶದ ಉದ್ದ ಎಂದು ಓದುತ್ತದೆ. ಆ ಸರ್ವರಿನಲ್ಲಿ ಯಾರೋ ಸಂಸ್ಕಾರವಂತ ಅಡ್ಮಿನ್, ಬಂದವರಿಗೆಲ್ಲ ನಮಸ್ಕಾರ ಹೇಳಲೆಂದು ಶೆಲ್ಲಿನ ಸ್ಟಾರ್ಟಪ್ ಫೈಲಿನಲ್ಲಿ ಒಂದು ಎಕೋ ಸಾಲು ಬರೆದಿದ್ದಾನೆ. ಇಂಗ್ಲಿಷ್ ಲಿಪಿಯ ಎನ್, ಎ, ಎಂ, ಎ ಅಕ್ಷರಗಳ ಆಸ್ಕಿ ಸಂಖ್ಯೆಗಳು 78, 97, 109, 97. ನಾಲ್ಕನ್ನೂ ಸಾಲಾಗಿಟ್ಟು ಒಂದೇ ಸಂಖ್ಯೆಯೆಂದು ಓದಿದರೆ ಬರುವುದೇ ಆ 131 ಕೋಟಿ ಚಿಲ್ಲರೆ. ಎಸ್‌ಎಫ್‌ಟಿಪಿ ಒಂದು ಸಂದೇಶದಲ್ಲಿ ಒಪ್ಪುವ ಗರಿಷ್ಠ ಉದ್ದ 2,62,144 ಬೈಟು. ಅರ್ಧ ನಮಸ್ಕಾರಕ್ಕೇ ಅದು ಬೆದರಿ ಓಡಿಹೋಗಿದೆ. ವೆಲ್ಕಮ್ ಎಂದು ಇಂಗ್ಲಿಷಿನಲ್ಲಿ ಸ್ವಾಗತಿಸಿದ್ದರೆ ಇನ್ನೂ ದುಬಾರಿ, 1466264675. ಮನುಷ್ಯರು ಕೂತು ಲಾಗಿನ್ ಆದಾಗ ಮಾತ್ರ ಆ ಸಾಲು ಓಡುವಂತೆ ಷರತ್ತು ಹಾಕಿದರೆ ಸಭ್ಯತೆಯೂ ಉಳಿಯುತ್ತದೆ, ಫೈಲೂ ಹೋಗುತ್ತದೆ.

"ನಮಸ್ಕಾರ ಅಂದಿದ್ದಕ್ಕ ಕೆಟ್ಟಿತೇನಪಾ?" ಕಾಕಾ ನಂಬಲಾರದೆ ಕೇಳುತ್ತಾರೆ.

"ಹೂಂ ರೀ ಕಾಕಾ."

"ಮತ್ತ ನಮ್ಮ ಮ್ಯಾನೇಜರ ಯಾರಿಗೂ ನಮಸ್ಕಾರ ಅಂತಿದ್ದಿಲ್ಲ. ಇದಕ್ಕ ಇರಬೇಕು ನೋಡು."

ಕೆಲವು ಸರ್ವರುಗಳಲ್ಲಿ ಎಸ್‌ಎಫ್‌ಟಿಪಿಯೇ ಇರುವುದಿಲ್ಲ, ಅಥವಾ ಇದ್ದರೂ ಅದರ ಪ್ರೋಗ್ರಾಂ ಇರುವ ದಾರಿಯನ್ನು ಕಾನ್ಫಿಗ್ಗಿನಲ್ಲಿ ತಪ್ಪಾಗಿ ಬರೆದಿರುತ್ತಾರೆ. ಆಗ ಸಬ್‌ಸಿಸ್ಟಮ್ ರಿಕ್ವೆಸ್ಟ್ ಫೇಲ್ಡ್ ಎಂದು ಬರುತ್ತದೆ. ಫೈಲು ಸಾಗಿಸಲು ಎಸ್‌ಸಿಪಿ ಎಂಬ ಅಣ್ಣ ಇದ್ದಾನಲ್ಲ ಎಂದು ಧೈರ್ಯ ತಂದುಕೊಂಡರೆ ಅಲ್ಲೂ ಮೋಸ. ಓಪನ್‌ಎಸ್‌ಎಸ್‌ಎಚ್‌ನ 2022ರ ಏಪ್ರಿಲಿನ 9.0ನೇ ಆವೃತ್ತಿಯಿಂದ ಎಸ್‌ಸಿಪಿ ಹೆಸರಿಗಷ್ಟೇ ಎಸ್‌ಸಿಪಿ, ಒಳಗೆ ಎಸ್‌ಎಫ್‌ಟಿಪಿಯನ್ನೇ ಬಳಸುತ್ತದೆ. ದೊಡ್ಡಕ್ಷರದ ಮೈನಸ್ ಓ ಕೊಟ್ಟರೆ ಮಾತ್ರ ತನ್ನ ಹಳೆಯ ಚಾಳಿಗೆ ಮರಳುತ್ತದೆ.

ಕೊನೆಗೂ ಫೈಲು ಹರಿಯತೊಡಗಿದರೂ, 10.1 ಅಥವಾ ಅದಕ್ಕಿಂತ ಹೊಸ ಆವೃತ್ತಿ ಇದ್ದವರಿಗೆ ಪ್ರತಿ ಸಲ ಸಂಪರ್ಕ ಸಿಕ್ಕಾಗ ಪರದೆಯ ಮೇಲೆ ಮತ್ತೊಂದು ಎಚ್ಚರಿಕೆ ಮೂಡುತ್ತದೆ. ಈ ಸಂಪರ್ಕಕ್ಕೆ ಕ್ವಾಂಟಮ್ ಕಂಪ್ಯೂಟರಿನಿಂದ ರಕ್ಷಣೆ ಇಲ್ಲವಂತೆ. ಇವತ್ತು ಕದ್ದಿಟ್ಟುಕೊಂಡ ಗೂಢಲಿಪಿಯನ್ನು ಮುಂದೆಂದೋ ಅಂಥ ಯಂತ್ರ ಬಂದಾಗ ಬಿಡಿಸಬಹುದು ಎಂಬುದು ತಜ್ಞರ ನಿಜವಾದ ಆತಂಕ. ಆದರೆ ಎಂಟನೇ ಅಕ್ಷರದಾಚೆ ಪಾಸ್‌ವರ್ಡು ಓದಲಾರದ ಸರ್ವರಿನ ಎದುರು ನಿಂತವನಿಗೆ, ಮುಂದೆಂದೋ ಬರುವ ಕಳ್ಳನ ವಿಷಯ ಹೇಳಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಇಷ್ಟು ಸುಸ್ತಾದವನು ಮಾಡುವ ನಿಜವಾದ ಪಾಪ ಇನ್ನೊಂದಿದೆ. ಕಾನ್ಫಿಗ್ಗಿನಲ್ಲಿ ಆ ಒಂದು ಸರ್ವರಿನ ಹೆಸರು ಬರೆಯುವ ಜಾಗದಲ್ಲಿ ನಕ್ಷತ್ರ ಚಿಹ್ನೆ ಹಾಕಿಬಿಡುತ್ತಾನೆ. ಒಬ್ಬ ಮುದುಕನಿಗೆ ಕೊಟ್ಟ ರಿಯಾಯಿತಿ ಇಡೀ ಜಗತ್ತಿಗೆ ಸಿಗುತ್ತದೆ. ಲ್ಯಾಪ್‌ಟಾಪು ಅಂದಿನಿಂದ ಎಲ್ಲ ಸರ್ವರುಗಳ ಹತ್ತಿರವೂ ಹಳೆಯ, ಸಡಿಲ ವಿಧಾನಗಳಿಗೆ ತಲೆಯಾಡಿಸಲು ಸಿದ್ಧ. ಅದನ್ನು ಯಾರೂ ತಿರುಗಿ ತೆಗೆಯುವುದಿಲ್ಲ, ಕೆಲಸ ನಡೆಯುತ್ತಿದೆಯಲ್ಲ.

ಹಳೆಯ ಸರ್ವರನ್ನು ಬೈದು ಪ್ರಯೋಜನವಿಲ್ಲ. ಅದು ಹುಟ್ಟಿದ ಕಾಲಕ್ಕೆ ಸರಿಯೆನಿಸಿದ್ದನ್ನೇ ಇಂದಿಗೂ ನಿಷ್ಠೆಯಿಂದ ಮಾಡುತ್ತಿದೆ. ಬದಲಾಯಿಸುವ ಮನಸ್ಸು ಮತ್ತು ಬಜೆಟ್ಟು ಇಲ್ಲದಿರುವುದು ಮನುಷ್ಯರಲ್ಲಿ. ಅದರ ಪಕ್ಕದಲ್ಲೇ ಒಂದು ಸಣ್ಣ ಹೊಸ ಲಿನಕ್ಸ್ ಯಂತ್ರ ಇಟ್ಟು, ಹಳೆಯದು ಅದರೊಂದಿಗೆ ಮಾತ್ರ ಒಳಜಾಲದಲ್ಲಿ ಮಾತಾಡುವಂತೆ, ಹೊರಗಿನವರೆಲ್ಲ ಹೊಸದರ ಬಳಿಗೇ ಬರುವಂತೆ ಮಾಡಿದರೆ ಮುಕ್ಕಾಲು ಪಾಲು ರಗಳೆ ತೀರುತ್ತದೆ. ಎಚ್‌ಪಿ-ಯುಎಕ್ಸ್ ಎಂಬ ಯುನಿಕ್ಸ್ ಇಟ್ಟುಕೊಂಡವರಿಗಂತೂ ಮುಂದೂಡಲು ನೆಪವೇ ಉಳಿದಿಲ್ಲ. ಅದಕ್ಕೆ ಕಂಪನಿ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಡಿಸೆಂಬರ್ 31ಕ್ಕೆ ಮುಗಿದಿದೆ.

ಹೊಸ ಯಂತ್ರ ಬರುವ ತನಕ ರಿಯಾಯಿತಿ ಕೊಡಲೇಬೇಕಾದರೆ ಆ ಒಂದೇ ಸರ್ವರಿಗೆ ಕೊಡಿ. ಯಾವ ತಾರೀಖು, ಯಾಕಾಗಿ ಕೊಟ್ಟದ್ದು ಎಂದು ಪಕ್ಕದಲ್ಲಿ ಒಂದು ಸಾಲು ಬರೆದಿಡಿ. ಮುಂದಿನ ಅಪ್‌ಡೇಟು ಬಂದು ಎಲ್ಲ ನಿಂತ ದಿನ ನಿಮ್ಮ ಕುರ್ಚಿಯಲ್ಲಿ ಬೇರೊಬ್ಬ ಕೂತಿರುತ್ತಾನೆ, ಅವನಿಗೆ ಆ ಸಾಲು ಬೇಕಾಗುತ್ತದೆ.